ಅಯಾವಾಸ್ಕ: ಶಿಪಿಬೊ ವೈದ್ಯರ ಮುಂದೆ ಕೂರುವ ಮೊದಲು

'ಪೆರುವಿಗೆ ಹೋಗಿ ಅದೇನೋ ಕಷಾಯ ಕುಡಿದ್ರೆ ಡಿಪ್ರೆಶನ್ ವಾಸಿಯಾಗುತ್ತಂತೆ, ಹೌದಾ?' ಪಾಡ್‌ಕಾಸ್ಟ್, ರೀಲ್ಸ್ ನೋಡಿ ಹೀಗೆ ಕೇಳುವವರು ನನಗೆ ಆಗಾಗ ಸಿಗುತ್ತಾರೆ. ಹೌದು, ಇಲ್ಲ ಎನ್ನುವ ಮೊದಲು ಅಲ್ಲಿ ನಡೆಯುವುದೇನು ಅಂತ ನೋಡೋಣ.

ಶಿಪಿಬೊ-ಕೊನಿಬೊ ಜನ ಪೆರುವಿನ ಅಮೆಜಾನ್ ಕಾಡಿನಲ್ಲಿ, ಉಕಯಾಲಿ ನದಿಯ ದಂಡೆಗಳಲ್ಲಿ ಬದುಕುವ ಆದಿವಾಸಿಗಳು. ಅವರ ಸೀಮೆಯ ದೊಡ್ಡ ಪಟ್ಟಣ ಪುಕಾಲ್ಪ. ಅಯಾವಾಸ್ಕ ಎಂಬ ಬಳ್ಳಿಯನ್ನು ಜಜ್ಜಿ, ಚಕ್ರೂನ ಗಿಡದ ಎಲೆ ಸೇರಿಸಿ ಗಂಟೆಗಟ್ಟಲೆ ಕುದಿಸಿದರೆ ಕಷಾಯ ಸಿದ್ಧ. ಎಲೆಯಲ್ಲಿರುವ ಡಿಎಂಟಿಯನ್ನು ಬರಿದೇ ಕುಡಿದರೆ ದೇಹ ಅದನ್ನು ಒಡೆದುಹಾಕುತ್ತದೆ. ಹಾಗೆ ಒಡೆಯುವ ಕಿಣ್ವವನ್ನು ಬಳ್ಳಿಯ ಅಂಶಗಳು ತಡೆಯುತ್ತವೆ. ಎರಡೂ ಸೇರಿದಾಗಲೇ ಪರಿಣಾಮ.

ವಿಧಿ ನಡೆಯುವುದು ರಾತ್ರಿ, 'ಮಲೋಕ' ಎಂಬ ದೊಡ್ಡ ಗುಡಿಸಲಿನಲ್ಲಿ. ಎಲ್ಲರಿಗೂ ಒಂದೊಂದು ಹಾಸಿಗೆ, ಪಕ್ಕದಲ್ಲೊಂದು ಬಕೆಟ್. ಕಹಿ ಕಷಾಯ ಕುಡಿದ ಮೇಲೆ ದೀಪ ಆರಿಸುತ್ತಾರೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮತ್ತೇರಿ, ನಾಲ್ಕೈದು ಗಂಟೆ ಇರುತ್ತದೆ. ವಾಂತಿ ಸಾಮಾನ್ಯ, ಭೇದಿಯೂ ಆಗಬಹುದು. ಅದನ್ನವರು ಶುದ್ಧಿ ಎಂದೇ ನೋಡುತ್ತಾರೆ. ಭಯ, ಅಳು, ಹಳೆಯ ನೆನಪು ಬರಬಹುದು. ಕೆಲವರಿಗೆ ಏನೂ ಆಗುವುದಿಲ್ಲ.

ಕತ್ತಲಲ್ಲಿ ಕೇಳಿಬರುವುದು 'ಇಕಾರೊ' ಎಂಬ ಹಾಡು. 'ಒನಾನ್ಯ', ಅಂದರೆ ಬಲ್ಲವರು, ಒಬ್ಬೊಬ್ಬರ ಮುಂದೆಯೂ ಕೂತು ಹಾಡುತ್ತಾರೆ, ಮಪಾಚೊ ಎಂಬ ಕಾಡುತಂಬಾಕಿನ ಹೊಗೆ ಊದುತ್ತಾರೆ. ಅವರ ಪ್ರಕಾರ ವಾಸಿಮಾಡುವುದು ಈ ಹಾಡು. ಹಿಂದೆ ಎಷ್ಟೋ ಕಡೆ ರೋಗದ ಮೂಲ ಕಾಣಲು ವೈದ್ಯರು ಮಾತ್ರ ಕಷಾಯ ಕುಡಿಯುತ್ತಿದ್ದರು, ರೋಗಿ ಸುಮ್ಮನೆ ಕೂರುತ್ತಿದ್ದ. ಬಂದವರೆಲ್ಲ ಕುಡಿಯುವ ಪದ್ಧತಿ ಬೆಳೆದದ್ದು ಹೊರಗಿನವರು ಬರತೊಡಗಿದ ಮೇಲೆ. 2008ರಲ್ಲಿ ಪೆರು ಸರ್ಕಾರ ಅಯಾವಾಸ್ಕದ ಸಾಂಪ್ರದಾಯಿಕ ಜ್ಞಾನವನ್ನು ರಾಷ್ಟ್ರೀಯ ಪರಂಪರೆ ಎಂದು ಘೋಷಿಸಿದಾಗಲೂ, ವ್ಯಾಪಾರಕ್ಕಾಗಿ ನಡೆಯುವ ಬಳಕೆ ಬೇರೆ ಅಂತ ಗೆರೆ ಎಳೆಯಿತು.

ಹೋಗುವ ಮೊದಲು ಪಥ್ಯ ಇರುತ್ತದೆ. ನಮ್ಮ ನಾಟಿವೈದ್ಯರ ಪಥ್ಯ ಕಂಡವರಿಗೆ ಇದು ಹೊಸದಲ್ಲ: ಉಪ್ಪು, ಸಕ್ಕರೆ, ಖಾರ, ಹಂದಿಮಾಂಸ, ಮದ್ಯ, ಲೈಂಗಿಕತೆ ಎಲ್ಲ ಬಂದ್. ಆದರೆ ನಿಜವಾದ ಅಪಾಯ ಇರುವುದು ಮಾತ್ರೆಯಲ್ಲಿ. ಖಿನ್ನತೆಗೆಂದು ಎಸಿಟಲೋಪ್ರಾಮ್, ಫ್ಲುಯಾಕ್ಸಿಟಿನ್‌ನಂಥ ಮಾತ್ರೆ ನುಂಗುವವರು ಈ ಕಷಾಯ ಕುಡಿದರೆ ಮೆದುಳಿನಲ್ಲಿ ಸೆರಟೋನಿನ್ ವಿಪರೀತ ಏರಬಹುದು. ಜ್ವರ, ನಡುಕ, ಗೊಂದಲದಿಂದ ಶುರುವಾಗಿ ಪ್ರಾಣಕ್ಕೇ ಬರಬಹುದು. ಫ್ಲುಯಾಕ್ಸಿಟಿನ್ ನಿಲ್ಲಿಸಿದ ಮೇಲೂ ವಾರಗಟ್ಟಲೆ ದೇಹದಲ್ಲಿರುತ್ತದೆ. ಹಾಗಂತ ಪ್ರವಾಸಕ್ಕಾಗಿ ಮಾತ್ರೆಯನ್ನು ನೀವೇ ನಿಲ್ಲಿಸಿದರೆ ಅದು ಇನ್ನೊಂದು ಅಪಾಯ. ವೈದ್ಯರನ್ನು ಕೇಳದೆ ಬಿಡಬೇಡಿ. ಬೈಪೋಲಾರ್ ಅಥವಾ ಸ್ಕಿಜೋಫ್ರೇನಿಯಾ ತಮಗೆ ಅಥವಾ ಮನೆಯವರಿಗೆ ಇರುವವರು, ಹೃದ್ರೋಗಿಗಳು ದೂರ ಇರುವುದೇ ಕ್ಷೇಮ.

ಯಾವ ಕೇಂದ್ರವಾದರೂ ಸರಿ, ಕೆಲವು ಪ್ರಶ್ನೆ ಕೇಳಿ. ನನ್ನ ಔಷಧಿಗಳ ಪಟ್ಟಿ ಕೇಳುತ್ತೀರಾ? ಹಾಡುವವರು ಯಾರು, ಯಾರ ಬಳಿ ಕಲಿತವರು? ರಾತ್ರಿ ಮತ್ತೇರದೆ ಎಚ್ಚರವಾಗಿರುವವರು ಯಾರಾದರೂ ಇರುತ್ತಾರಾ? ಆಸ್ಪತ್ರೆ ಎಷ್ಟು ದೂರ? ಮತ್ತಿನಲ್ಲಿರುವ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ನಡೆದ ದೂರುಗಳಿವೆ, ಹಾಗಾಗಿ ಜೊತೆಗೆ ಮಹಿಳೆಯರು ಇರುತ್ತಾರಾ ಅಂತಲೂ ಕೇಳಿ. ಸರಿಯಾಗಿ ಉತ್ತರಿಸದಿದ್ದರೆ ಅಲ್ಲಿಗೆ ಹೋಗಬೇಡಿ.

ಕಷಾಯವನ್ನು ಬಾಟಲಿಯಲ್ಲಿ ತುಂಬಿಕೊಂಡು ಬರುವ ಆಸೆಯೂ ಬೇಡ. ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿ ಡಿಎಂಟಿ ಇದೆ. ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದರೆ 'ಇದು ಔಷಧಿ ಸಾರ್' ಅನ್ನುವ ಮಾತು ನಡೆಯುವುದಿಲ್ಲ.

ಇಷ್ಟಾದ ಮೇಲೂ ಹೋಗುವವರು ಹೋಗುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೆ: ನುಂಗುವ ಮಾತ್ರೆ, ಹಳೆಯ ಕಾಯಿಲೆ ಯಾವುದನ್ನೂ ಒನಾನ್ಯರಿಂದ ಮುಚ್ಚಿಡಬೇಡಿ. ಅವರು 'ನಿಮಗೆ ಬೇಡ' ಅಂದರೆ ವಾದ ಮಾಡದೆ ವಾಪಸ್ ಬನ್ನಿ.