ನೋವು ತಾನಾಗೇ ಹಾಡಾಗಲ್ಲ

ಕಷ್ಟ ಬಂದ್ರೆ ಒಳ್ಳೇ ಹಾಡು ಹುಟ್ಟುತ್ತೆ ಅಂತ ಸುಲಭವಾಗಿ ಹೇಳಿಬಿಡ್ತೀವಿ. ಬಾಬ್ ಡಿಲನ್ ಕಥೆ ಕೇಳಿ.

1974. ಡಿಲನ್‌ಗೆ 33 ವರ್ಷ. ಹಾಡಿನಲ್ಲಿ ಹಳೇ ಮೊನಚಿಲ್ಲ ಅನ್ನೋ ಗೊಣಗಾಟ 1970ರ ‘ಸೆಲ್ಫ್ ಪೋರ್ಟ್ರೇಟ್’ನಿಂದಲೇ ಶುರುವಾಗಿತ್ತು. ಈಗ ಹೆಂಡತಿ ಸಾರಾ ಜೊತೆಗಿನ ದಾಂಪತ್ಯವೂ ಬಿರುಕು ಬಿಟ್ಟಿತ್ತು. ಆ ಬೇಸಿಗೆಯಲ್ಲಿ ಮಿನ್ನೆಸೋಟದ ತನ್ನ ತೋಟದಲ್ಲಿ ಕೂತು, ಒಂದು ಪುಟ್ಟ ಕೆಂಪು ನೋಟ್‌ಬುಕ್ಕಿನಲ್ಲಿ ಹಾಡುಗಳನ್ನು ಬರೆದ. ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ರೆಕಾರ್ಡಿಂಗೂ ಆಯ್ತು.

ಇನ್ನೇನು ಬಿಡುಗಡೆ ಅನ್ನುವಾಗ ಅವನಿಗೇ ಸಮಾಧಾನವಿಲ್ಲ. ತಮ್ಮ ಡೇವಿಡ್‌ನ ಮಾತು ಕೇಳಿ, ಡಿಸೆಂಬರ್ ಕೊನೆಯಲ್ಲಿ ಹತ್ತರಲ್ಲಿ ಐದು ಹಾಡುಗಳನ್ನು ಮಿನ್ನಿಯಾಪೊಲಿಸ್‌ನಲ್ಲಿ ಊರಿನ ವಾದ್ಯಗಾರರ ಜೊತೆ ಮತ್ತೆ ಹಾಡಿದ. ಕವರ್ ಆಗಲೇ ಅಚ್ಚಾಗಿದ್ದರಿಂದ ಅದರಲ್ಲಿ ಆ ವಾದ್ಯಗಾರರ ಹೆಸರೇ ಬರಲಿಲ್ಲ.

1975ರ ಜನವರಿಯಲ್ಲಿ ‘ಬ್ಲಡ್ ಆನ್ ದ ಟ್ರ್ಯಾಕ್ಸ್’ ಹೊರಬಂತು. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಡಿಲನ್ ಮತ್ತೆ ಡಿಲನ್ ಆದ. ಮದುವೆ ಮಾತ್ರ ಉಳೀಲಿಲ್ಲ, 1977ರಲ್ಲಿ ವಿಚ್ಛೇದನವಾಯ್ತು. ಇವು ನನ್ನ ಬದುಕಿನ ಕಥೆಯಲ್ಲ ಅಂತ ಅವನು ಆಮೇಲೂ ಹೇಳ್ತಲೇ ಬಂದ.

ಇರಬಹುದು. ಆದ್ರೆ ಸಂಸಾರ ಒಡೆದವರೆಲ್ಲ ಇಂಥ ಆಲ್ಬಮ್ ಮಾಡಲ್ಲ. ಮುಗಿದ ಕೆಲಸವನ್ನ ಅರ್ಧ ಬಿಚ್ಚಿ, ಮತ್ತೆ ಕಟ್ಟೋ ಹಠ ನೋವಿನಿಂದ ಬರೋದಲ್ಲ. ಅದು ಕಸುಬು.