ಗಚ್ಚಿಬೌಲಿಯ ವಿಕಲಚೇತನ ಮತದಾರರಿಗೆ ಏನೆಲ್ಲ ಸೌಲಭ್ಯವಿದೆ? ಇಲ್ಲಿದೆ ಮಾಹಿತಿ

ಹೈದರಾಬಾದ್‌: ಐಟಿ ಕಂಪನಿಗಳ ತಾಣ ಗಚ್ಚಿಬೌಲಿ ಇರುವುದು ಸೇರಿಲಿಂಗಂಪಲ್ಲಿ ವಿಧಾನಸಭಾ ಕ್ಷೇತ್ರದಲ್ಲಿ. ಇಲ್ಲಿನ ವಿಕಲಚೇತನರು ಮತದಾನದ ದಿನ ಪರದಾಡಬಾರದು ಎಂದರೆ ಮೊದಲೇ ಅರ್ಜಿ ಸಲ್ಲಿಸುವುದು ಮುಖ್ಯ.

ಮೊದಲ ಹೆಜ್ಜೆ: ಮತದಾರರ ಪಟ್ಟಿಯಲ್ಲಿ ಅಂಗವೈಕಲ್ಯ ದಾಖಲಿಸಲು ನಮೂನೆ 8 ಸಲ್ಲಿಸಿ. ವಿಳಾಸ ಬದಲಾವಣೆಗೂ ಇದೇ ನಮೂನೆ. ಗಾಲಿಕುರ್ಚಿ ಬೇಕಿದ್ದರೆ ಚುನಾವಣಾ ಆಯೋಗದ ಸಕ್ಷಮ್‌ ಆ್ಯಪ್‌ನಲ್ಲಿ ಕೋರಿಕೆ ಸಲ್ಲಿಸಬಹುದು. ಸಹಾಯವಾಣಿ ಸಂಖ್ಯೆ 1950.

ಮನೆಯಿಂದಲೇ ಮತ: ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಶೇ.40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಈ ಅವಕಾಶವಿದೆ. ಅಧಿಸೂಚನೆ ಹೊರಬಿದ್ದ 5 ದಿನಗಳೊಳಗೆ ಪ್ರಮಾಣಪತ್ರದೊಂದಿಗೆ ನಮೂನೆ 12ಡಿ ನೀಡಬೇಕು. ಇದಕ್ಕೆ ಒಪ್ಪಿಗೆ ಸಿಕ್ಕರೆ ಮತ್ತೆ ಮತಗಟ್ಟೆಯಲ್ಲಿ ಮತ ಹಾಕುವಂತಿಲ್ಲ.

ಬ್ರೈಲ್‌ ನೆರವು: ಇವಿಎಂಗೆ ಬ್ರೈಲ್‌ ಅಳವಡಿಸುವ ಪ್ರಯೋಗ ನಡೆದದ್ದು ಇದೇ ನಗರದ ಆಸಿಫ್‌ನಗರ ಉಪಚುನಾವಣೆಯಲ್ಲಿ, 2004ರಲ್ಲಿ. ಯಂತ್ರದ ಮೇಲೆ ಬ್ರೈಲ್‌ನಲ್ಲಿರುವುದು ಕ್ರಮಸಂಖ್ಯೆ ಮಾತ್ರ, ಅಭ್ಯರ್ಥಿಗಳ ಹೆಸರಲ್ಲ. ಹಾಗಾಗಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಿಂದ ಬ್ರೈಲ್‌ ಮಾದರಿ ಮತಪತ್ರ ಕೇಳಿ ಪಡೆದು, ಸಂಖ್ಯೆ ನೆನಪಿಟ್ಟುಕೊಂಡು ಗುಂಡಿ ಒತ್ತಬೇಕು. ಆಗ ಯಾರಿಗೆ ಮತ ಹಾಕಿದಿರಿ ಎಂಬುದು ನಿಮಗಷ್ಟೇ ಗೊತ್ತು.

ಜೊತೆಗಾರರು: ಅಂಧರು ಮತ್ತು ತಾವೇ ಗುಂಡಿ ಒತ್ತಲಾಗದವರು 18 ವರ್ಷ ತುಂಬಿದ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ಮತದ ಗುಟ್ಟು ಬಿಡುವುದಿಲ್ಲ ಎಂದು ಅವರು ಬರೆದುಕೊಡಬೇಕು. ಒಬ್ಬರು ಆ ದಿನ ಒಬ್ಬ ಮತದಾರರಿಗಷ್ಟೇ ನೆರವಾಗಬಹುದು.

ನೆನಪಿಡಿ: ಎಲ್ಲ ಮತಗಟ್ಟೆಗಳೂ ವಿಕಲಚೇತನರು ಸುಲಭವಾಗಿ ಬಳಸುವಂತಿರಬೇಕು ಎನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೆಕ್ಷನ್‌ 11. ರ‍್ಯಾಂಪ್‌ ಕೇಳುವುದು ನಿಮ್ಮ ಹಕ್ಕು.