ಸರ್ವರ್‌ಗೆ ಯಾವ ರೇಡ್? ಡಿಸ್ಕ್ ಬೆಳೆದಂತೆ ಬದಲಾದ ಉತ್ತರ

ಹೊಸ ಸರ್ವರ್ ಕೊಳ್ಳುವ ಸಂಸ್ಥೆ ಸಹಕಾರಿ ಬ್ಯಾಂಕಾಗಲಿ, ಆಸ್ಪತ್ರೆಯಾಗಲಿ, ಕಾಲೇಜಾಗಲಿ, ಮೊದಲ ದಿನವೇ ಒಂದು ಪ್ರಶ್ನೆ ಎದುರಾಗುತ್ತದೆ: ಒಳಗಿರುವ ಡಿಸ್ಕ್‌ಗಳನ್ನು ಹೇಗೆ ಜೋಡಿಸಬೇಕು? ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ಜೋಡಣೆಗೆ ರೇಡ್ ಎಂದು ಹೆಸರು; ಪರದೆಯ ಮೇಲೆ ರೇಡ್ 0, 1, 5, 6, 10 ಎಂಬ ಪಟ್ಟಿ ಮೂಡುತ್ತದೆ. ಎಷ್ಟೋ ಮಂದಿ ಯಾವುದರಲ್ಲಿ ಹೆಚ್ಚು ಜಾಗ ಉಳಿಯುತ್ತದೆಂದು ನೋಡಿ ರೇಡ್ 5 ಆರಿಸಿಬಿಡುತ್ತಾರೆ. ಇಪ್ಪತ್ತೈದು ವರ್ಷಗಳ ಹಿಂದೆ ಅದು ವಿವೇಕದ ಆಯ್ಕೆಯೇ ಆಗಿತ್ತು. ಇಂದಿನ ದೊಡ್ಡ ಹಾರ್ಡ್ ಡಿಸ್ಕ್‌ಗಳ ಮೇಲೆ ಅದೇ ಆಯ್ಕೆ ಅಪಾಯಕಾರಿ. ಈ ನಡುವೆ ಬದಲಾದದ್ದು ಗಣಿತವಲ್ಲ, ಕೆಟ್ಟುಹೋದ ಒಂದು ಡಿಸ್ಕಿನ ಮಾಹಿತಿಯನ್ನು ಮತ್ತೆ ಕಟ್ಟಿಕೊಳ್ಳಲು ಬೇಕಾಗುವ ಸಮಯ. ರೇಡ್ ಬೆಳೆದು ಬಂದ ದಾರಿಯನ್ನು ಈ ಒಂದು ಅಳತೆಯಿಂದ ನೋಡಿದರೆ ಯಾವ ಜೋಡಣೆ ಎಲ್ಲಿಗೆ ಸರಿ ಎಂಬುದು ಸ್ಪಷ್ಟವಾಗುತ್ತದೆ.

ಬರ್ಕ್ಲಿಯ ಪ್ರಬಂಧ

ಒಂದೇ ಮಾಹಿತಿಯನ್ನು ಎರಡು ಡಿಸ್ಕ್‌ಗಳಲ್ಲಿ ಬರೆದಿಡುವ ಪದ್ಧತಿ 1970ರ ದಶಕದಲ್ಲೇ ಟ್ಯಾಂಡಮ್ ಕಂಪನಿಯ ಯಂತ್ರಗಳಲ್ಲಿತ್ತು. ಕೆಟ್ಟ ಸಂಗ್ರಹ ಘಟಕದ ಮಾಹಿತಿಯನ್ನು ಉಳಿದವುಗಳಿಂದ ಲೆಕ್ಕಹಾಕಿ ಪಡೆಯುವ ವಿಧಾನಕ್ಕೆ ಐಬಿಎಂನ ನಾರ್ಮನ್ ಕೆನ್ ಔಚಿ 1978ರಲ್ಲಿ ಪೇಟೆಂಟ್ ಪಡೆದಿದ್ದರು. ಆದರೆ ಚದುರಿದ್ದ ಈ ವಿಚಾರಗಳನ್ನು ಒಂದು ಶಾಸ್ತ್ರವಾಗಿ ಹೊಂದಿಸಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್. 1988ರಲ್ಲಿ ಅವರು ಮಂಡಿಸಿದ ಪ್ರಬಂಧದಿಂದಲೇ ರೇಡ್ ಎಂಬ ಹೆಸರು ಬಂತು.

ಅವರು ಮುಖ್ಯವಾಗಿ ಹೋಲಿಸಿದ್ದು ಎರಡು ಡಿಸ್ಕ್‌ಗಳನ್ನು. ಒಂದು, ದೊಡ್ಡ ಮೇನ್‌ಫ್ರೇಮ್‌ಗಳಿಗೆ ಜೋಡಿಸುತ್ತಿದ್ದ 7,500 ಎಂಬಿಯ ಐಬಿಎಂ 3380. ಇನ್ನೊಂದು, ಪಿಸಿಗಳಲ್ಲಿ ಬಳಸುತ್ತಿದ್ದ 100 ಎಂಬಿಯ ಕಾನರ್ ಡಿಸ್ಕ್. ಇಂತಹ 75 ಸಣ್ಣ ಡಿಸ್ಕ್‌ಗಳನ್ನು ಕೂಡಿಸಿದರೆ ದೊಡ್ಡದರಷ್ಟೇ ಜಾಗ ಸಿಗುತ್ತದೆ, ಓದುಬರಹದ ಸಾಮರ್ಥ್ಯ ಸುಮಾರು ಹನ್ನೆರಡು ಪಟ್ಟಾಗಬಲ್ಲದು, ವಿದ್ಯುತ್ತೂ ಬೆಲೆಯೂ ಕಡಿಮೆ. ತೊಡಕೊಂದೇ: ಡಿಸ್ಕ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಒಂದಲ್ಲ ಒಂದು ಕೆಡುವ ಸಂಭವವೂ ಹೆಚ್ಚುತ್ತದೆ. ಸರಾಸರಿ 30,000 ಗಂಟೆ ಬಾಳುವ ಡಿಸ್ಕ್‌ಗಳನ್ನು ನೂರರಂತೆ ಜೋಡಿಸಿದರೆ ಸರಾಸರಿ 300 ಗಂಟೆಗೊಂದು, ಅಂದರೆ ಎರಡು ವಾರದೊಳಗೆ ಒಂದು, ಕೈಕೊಡುತ್ತದೆ.

ಪರಿಹಾರವಾಗಿ ಅವರು ಐದು ಹಂತಗಳನ್ನು ವಿವರಿಸಿದರು. ರೇಡ್ 1 ಎಂದರೆ ಯಥಾಪ್ರತಿ. ರೇಡ್ 2ರಲ್ಲಿ ಹ್ಯಾಮಿಂಗ್ ಸಂಕೇತ, ರೇಡ್ 3ರಲ್ಲಿ ಬಿಟ್ ಮಟ್ಟದ ಹಂಚಿಕೆ. ಇವೆರಡೂ ಇಂದು ಬಳಕೆಯಲ್ಲಿಲ್ಲ ಎನ್ನಬಹುದು. ರೇಡ್ 4ರಲ್ಲಿ ಪ್ಯಾರಿಟಿಗೆಂದೇ, ಅಂದರೆ ಕಳೆದದ್ದನ್ನು ಲೆಕ್ಕಹಾಕಿ ಪಡೆಯಲು ಇಡುವ ಹೆಚ್ಚುವರಿ ಮಾಹಿತಿಗೆಂದೇ, ಒಂದು ಡಿಸ್ಕ್ ಮೀಸಲು. ಪ್ರತಿ ಬರಹಕ್ಕೂ ಆ ಡಿಸ್ಕನ್ನು ಮುಟ್ಟಬೇಕಾದ್ದರಿಂದ ಅಲ್ಲಿ ದಟ್ಟಣೆಯಾಗುತ್ತದೆ. ರೇಡ್ 5 ಆ ಪ್ಯಾರಿಟಿಯನ್ನು ಎಲ್ಲ ಡಿಸ್ಕ್‌ಗಳಿಗೂ ಸರದಿಯಂತೆ ಹಂಚಿ ದಟ್ಟಣೆ ನಿವಾರಿಸಿತು. ಬರೀ ವೇಗಕ್ಕಾಗಿ ಮಾಹಿತಿಯನ್ನು ಹರಡುವ, ರಕ್ಷಣೆಯೇ ಇಲ್ಲದ ರೇಡ್ 0 ಮತ್ತು ಎರಡು ಪ್ಯಾರಿಟಿಗಳ ರೇಡ್ 6 ಆಮೇಲೆ ಈ ಪಟ್ಟಿಗೆ ಸೇರಿದವು. ಬರ್ಕ್ಲಿ ಬಳಗ 1994ರಲ್ಲಿ ಪ್ರಕಟಿಸಿದ ವಿಸ್ತಾರವಾದ ಸಮೀಕ್ಷೆ ಇಂದಿಗೂ ಈ ಕ್ಷೇತ್ರದ ಪಠ್ಯದಂತಿದೆ.

ಪ್ಯಾರಿಟಿಯ ಬೆಲೆ

ಪ್ಯಾರಿಟಿಯ ಲೆಕ್ಕ ಸರಳ. ಮೂರು ಡಿಸ್ಕ್‌ಗಳ ಒಂದೇ ಸ್ಥಾನದಲ್ಲಿ 1, 0, 1 ಇದ್ದರೆ ಒಂದುಗಳ ಸಂಖ್ಯೆ ಸಮವಾಗಿರುವಂತೆ ನಾಲ್ಕನೆಯದರಲ್ಲಿ 0 ಬರೆಯುತ್ತಾರೆ. ಯಾವ ಡಿಸ್ಕ್ ಹೋದರೂ ಉಳಿದ ಮೂರನ್ನು ನೋಡಿ ಹೋದದ್ದು ಏನೆಂದು ಹೇಳಬಹುದು. ಎಷ್ಟೇ ಡಿಸ್ಕ್‌ಗಳಿದ್ದರೂ ರಕ್ಷಣೆಗೆ ತಗಲುವುದು ಒಂದೇ ಡಿಸ್ಕಿನ ಜಾಗ.

ಆದರೆ ಬೆಲೆಯನ್ನು ಬರೆಯುವಾಗ ತೆರಬೇಕು. ರೇಡ್ 5ರಲ್ಲಿ ಚಿಕ್ಕದೊಂದು ದಾಖಲೆ ತಿದ್ದಲು ಹಳೆಯ ಮಾಹಿತಿ, ಹಳೆಯ ಪ್ಯಾರಿಟಿ ಎರಡನ್ನೂ ಓದಿ, ಹೊಸ ಮಾಹಿತಿ, ಹೊಸ ಪ್ಯಾರಿಟಿ ಎರಡನ್ನೂ ಬರೆಯಬೇಕು: ಒಟ್ಟು ನಾಲ್ಕು ಕೆಲಸ. ರೇಡ್ 6ರಲ್ಲಿ ಆರು. ಜೋಡಿ ಪ್ರತಿಗಳನ್ನು ಹರಡಿ ಕಟ್ಟುವ ರೇಡ್ 10ರಲ್ಲಿ ಎರಡೇ. ಸೆಕೆಂಡಿಗೆ ನೂರು ಕೆಲಸ ಮಾಡುವ ಎಂಟು ಡಿಸ್ಕ್‌ಗಳಿದ್ದರೆ ರೇಡ್ 10ರಲ್ಲಿ ಸೆಕೆಂಡಿಗೆ 400 ಸಣ್ಣ ಬರಹಗಳು ಸಾಧ್ಯ, ರೇಡ್ 5ರಲ್ಲಿ 200, ರೇಡ್ 6ರಲ್ಲಿ ಸುಮಾರು 133. ಡೇಟಾಬೇಸ್ ನಡೆಸುವವರು ರೇಡ್ 10 ಬಿಟ್ಟುಕೊಡದಿರುವುದಕ್ಕೆ ಇದೇ ಕಾರಣ.

ಇನ್ನೊಂದು ತೊಂದರೆಯೂ ಇದೆ. ಮಾಹಿತಿ ಬರೆದು ಪ್ಯಾರಿಟಿ ಬರೆಯುವ ಮುನ್ನವೇ ಕರೆಂಟು ಹೋದರೆ ಎರಡಕ್ಕೂ ತಾಳೆಯಾಗುವುದಿಲ್ಲ. ಬ್ಯಾಟರಿ ಇರುವ ಕ್ಯಾಶ್ ಅಳವಡಿಸಿದ ರೇಡ್ ಕಾರ್ಡ್‌ಗಳು ಇದಕ್ಕೆ ಉತ್ತರವಾಗಿ ಬಂದವು. ಆದರೆ ಕಾರ್ಡೇ ಕೆಟ್ಟರೆ ಹೆಚ್ಚಿನ ಸಂದರ್ಭಗಳಲ್ಲಿ ಅದೇ ಕುಲದ ಇನ್ನೊಂದು ಕಾರ್ಡ್ ಹುಡುಕಬೇಕು. ಲಿನಕ್ಸ್‌ನೊಳಗಿನ ರೇಡ್ ತಂತ್ರಾಂಶ ಎಂಡಿ ಮತ್ತು ಅದನ್ನು ನಿರ್ವಹಿಸುವ ಎಂಡಿಅಡ್ಮ್ ಈ ಕಟ್ಟಿನಿಂದ ಬಿಡುಗಡೆ ಕೊಟ್ಟವು: ಡಿಸ್ಕ್‌ಗಳನ್ನು ಬಿಚ್ಚಿ ಬೇರೊಂದು ಲಿನಕ್ಸ್ ಯಂತ್ರಕ್ಕೆ ಹಾಕಿದರೆ ರೇಡ್ ಹಾಗೆಯೇ ಎದ್ದು ನಿಲ್ಲುತ್ತದೆ.

ಗಾತ್ರ ಬೆಳೆಯಿತು, ವೇಗ ಹಿಂದುಳಿಯಿತು

ಬರ್ಕ್ಲಿಯವರ 100 ಎಂಬಿ ಡಿಸ್ಕ್ ಸೆಕೆಂಡಿಗೆ 1 ಎಂಬಿ ಓದುತ್ತಿತ್ತು. ಪೂರ್ತಿ ಓದಿ ಮುಗಿಸಲು ನೂರು ಸೆಕೆಂಡು ಸಾಕಿತ್ತು. ಇಂದಿನ 20 ಟಿಬಿ ಡಿಸ್ಕ್ ಅದಕ್ಕಿಂತ ಎರಡು ಲಕ್ಷ ಪಟ್ಟು ದೊಡ್ಡದು. ಸೆಕೆಂಡಿಗೆ 250 ಎಂಬಿ ಎಂದು ಹಿಡಿದರೂ ವೇಗ ಹೆಚ್ಚಿದ್ದು 250 ಪಟ್ಟು ಮಾತ್ರ. ಪೂರ್ತಿ ಓದಲು 22 ಗಂಟೆ ಬೇಕು, ಅದೂ ಬೇರೇನೂ ಕೆಲಸವಿಲ್ಲದಿದ್ದರೆ. ಸರ್ವರ್ ಬಳಕೆಯಲ್ಲಿದ್ದರೆ ಮರುನಿರ್ಮಾಣ ದಿನಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತೂ ರೇಡ್ 5ಕ್ಕೆ ರಕ್ಷಣೆಯೇ ಇಲ್ಲ. ಇನ್ನೊಂದು ಡಿಸ್ಕ್ ಕೆಟ್ಟರೆ ಎಲ್ಲವೂ ಹೋಯಿತು.

ಇಡೀ ಡಿಸ್ಕ್ ಕೆಡಲೂ ಬೇಕಿಲ್ಲ. ಮನೆಬಳಕೆಯ ಡಿಸ್ಕ್‌ಗಳಲ್ಲಿ 10^14 ಬಿಟ್‌ಗಳಿಗೆ, ಅಂದರೆ 12.5 ಟಿಬಿಗೆ, ಒಂದು ಕಡೆ ಓದಲಾಗದ ದೋಷ ಬರಬಹುದೆಂದು ತಯಾರಕರೇ ಮುದ್ರಿಸುತ್ತಾರೆ. ಸರ್ವರ್ ದರ್ಜೆಯಲ್ಲಿ ಈ ಮಿತಿ 125 ಟಿಬಿ. 20 ಟಿಬಿಯ ಎಂಟು ಡಿಸ್ಕ್‌ಗಳ ರೇಡ್ 5ರಲ್ಲಿ ಒಂದು ಹೋದರೆ ಉಳಿದ ಏಳರಿಂದ 140 ಟಿಬಿಯನ್ನು ತಪ್ಪಿಲ್ಲದೆ ಓದಬೇಕು. ಡಿಸ್ಕ್‌ಗಳು ಮುದ್ರಿತ ಮಿತಿಗಿಂತ ಚೆನ್ನಾಗಿ ನಡೆದುಕೊಳ್ಳುವುದುಂಟು. ಆದರೆ ಸಂಸ್ಥೆಯ ದಾಖಲೆಗಳನ್ನು ಆ ಅದೃಷ್ಟದ ಮೇಲೆ ಬಿಡಬಾರದು.

2007ರಲ್ಲಿ ಸಂಶೋಧಕಿ ಬಿಯಾಂಕಾ ಶ್ರೋಡರ್ ಜೊತೆ ಗಾರ್ತ್ ಗಿಬ್ಸನ್ ಅವರೇ ಸುಮಾರು ಒಂದು ಲಕ್ಷ ಡಿಸ್ಕ್‌ಗಳ ದಾಖಲೆ ಪರಿಶೀಲಿಸಿದರು. ತಯಾರಕರ ಅಂಕಿಗಳಂತೆ ವರ್ಷಕ್ಕೆ ಹೆಚ್ಚೆಂದರೆ ಶೇ. 0.88ರಷ್ಟು ಕೆಡಬೇಕಿತ್ತು. ವಾಸ್ತವದಲ್ಲಿ ಶೇ. 2ರಿಂದ 4ರಷ್ಟು ಬದಲಿಸುವುದು ಸಾಮಾನ್ಯವಾಗಿತ್ತು, ಕೆಲವೆಡೆ ಶೇ. 13ರವರೆಗೂ ಹೋಗಿತ್ತು. ಅದಕ್ಕಿಂತ ಮುಖ್ಯವಾಗಿ, ಕೆಡುವಿಕೆಗಳು ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳಲ್ಲ, ಒಂದರ ಬೆನ್ನಿಗೆ ಇನ್ನೊಂದು ಬರುತ್ತವೆ ಎಂದು ತಿಳಿಯಿತು. 1988ರ ಲೆಕ್ಕಾಚಾರ ನಿಂತಿದ್ದ ಆಧಾರವನ್ನೇ ಅದರ ಕರ್ತೃಗಳಲ್ಲೊಬ್ಬರು ಮರುಪರೀಕ್ಷೆಗೆ ಒಡ್ಡಿದ ಈ ಪ್ರಾಮಾಣಿಕತೆ ಮೆಚ್ಚುವಂಥದ್ದು.

ಎರಡನೆಯ ಪ್ಯಾರಿಟಿ, ಚೆಕ್‌ಸಮ್

ಎರಡು ಡಿಸ್ಕ್ ಹೋದರೂ ಉಳಿಯಬೇಕಾದರೆ ಎರಡನೆಯ, ಬೇರೆಯೇ ಆದ ಸಮೀಕರಣ ಬೇಕು. ಅದರ ಗಣಿತವನ್ನು ರೀಡ್ ಮತ್ತು ಸೊಲೊಮನ್ 1960ರಲ್ಲೇ ಕೊಟ್ಟಿದ್ದರು. 1990ರ ದಶಕದಲ್ಲಿ ಬಂದ ಈವನ್‌ಆಡ್ ಸಂಕೇತ, 2004ರಲ್ಲಿ ನೆಟ್‌ಆ್ಯಪ್ ಪ್ರಕಟಿಸಿದ ಓರೆಸಾಲಿನ ಪ್ಯಾರಿಟಿ ಇವು ಅದನ್ನು ಹಗುರವಾಗಿಸಿದವು. 2009ರಲ್ಲಿ ಎಂಜಿನಿಯರ್ ಆ್ಯಡಂ ಲೆವೆಂಥಾಲ್ ಮೂರನೆಯ ಪ್ಯಾರಿಟಿಯೂ ಬೇಕಾಗುತ್ತದೆಂದು ವಾದಿಸಿದರು. ಜೆಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿ ಅದು ಲಭ್ಯವೂ ಆಯಿತು.

2005ರಲ್ಲಿ ಸನ್ ಕಂಪನಿ ಬಿಡುಗಡೆ ಮಾಡಿದ ಜೆಡ್‌ಎಫ್‌ಎಸ್‌ನ ನಿಜವಾದ ಹಿರಿಮೆ ಬೇರೆಯದು. ಡಿಸ್ಕ್ ತಪ್ಪು ಮಾಹಿತಿ ಕೊಟ್ಟು ಸುಮ್ಮನಿದ್ದರೆ ಸಾಮಾನ್ಯ ರೇಡ್ ಅದನ್ನು ನಂಬಿಬಿಡುತ್ತದೆ. ಜೆಡ್‌ಎಫ್‌ಎಸ್ ಪ್ರತಿ ತುಣುಕಿಗೂ ಚೆಕ್‌ಸಮ್ ಇಟ್ಟು, ಓದುವಾಗ ತಾಳೆ ನೋಡಿ, ತಪ್ಪಿದ್ದರೆ ಪ್ಯಾರಿಟಿಯಿಂದ ಸರಿಪಡಿಸುತ್ತದೆ. ಜೊತೆಗೆ ಬರೆದದ್ದರ ಮೇಲೆ ಮತ್ತೆ ಬರೆಯದೆ ಹೊಸ ಜಾಗದಲ್ಲಿ ಬರೆಯುವುದರಿಂದ, ಕರೆಂಟು ಹೋದಾಗಿನ ಪ್ಯಾರಿಟಿ ತೊಂದರೆಯೂ ಇಲ್ಲ.

ಎಸ್‌ಎಸ್‌ಡಿಗಳು ಲೆಕ್ಕವನ್ನು ಮತ್ತೊಮ್ಮೆ ತಿರುಗಿಸಿವೆ. ಮರುನಿರ್ಮಾಣ ಗಂಟೆಗಳಲ್ಲಿ ಮುಗಿಯುವುದರಿಂದ ಅವುಗಳ ಮೇಲೆ ರೇಡ್ 5ಕ್ಕೆ ಮತ್ತೆ ಅರ್ಥ ಬಂದಿದೆ. ಆದರೆ ಒಂದೇ ದಿನ ಕೊಂಡ ಎಸ್‌ಎಸ್‌ಡಿಗಳು ಒಂದೇ ಸಮನೆ ಸವೆಯುತ್ತವೆ. 2019ರಲ್ಲಿ ಎಚ್‌ಪಿಇ ತನ್ನ ಕೆಲವು ಮಾದರಿಗಳು ಫರ್ಮ್‌ವೇರ್ ದೋಷದಿಂದ ಸರಿಯಾಗಿ 32,768 ಗಂಟೆ ಓಡಿದೊಡನೆ ಕೆಡುತ್ತವೆಂದು ತಿಳಿಸಿ, ಕೂಡಲೇ ಅಪ್‌ಡೇಟ್ ಮಾಡಿಕೊಳ್ಳುವಂತೆ ಎಚ್ಚರಿಸಿತು. ಒಟ್ಟಿಗೆ ಚಾಲೂ ಮಾಡಿದವು ಒಟ್ಟಿಗೆ ನಿಂತರೆ ಯಾವ ಪ್ಯಾರಿಟಿಯೂ ಕಾಯದು.

ಬೆಂಗಳೂರಿನ ಕೊಡುಗೆ

ಸಾವಿರಾರು ಯಂತ್ರಗಳ ಡೇಟಾ ಕೇಂದ್ರಗಳಲ್ಲಿ ರೇಡ್‌ನ ತತ್ವ ಡಿಸ್ಕ್‌ಗಳಾಚೆ, ಯಂತ್ರಗಳ ನಡುವೆ ಹರಡಿಕೊಂಡಿತು. ಅಲ್ಲಿ ಮರುನಿರ್ಮಾಣಕ್ಕೆ ನೆಟ್‌ವರ್ಕಿನ ಹೊರೆಯೂ ಸೇರುತ್ತದೆ. 16 ಮಾಹಿತಿ ತುಣುಕು, 4 ಪ್ಯಾರಿಟಿ ತುಣುಕುಗಳ ರೀಡ್-ಸೊಲೊಮನ್ ವ್ಯವಸ್ಥೆಯಲ್ಲಿ ಕಳೆದುಹೋದ ಒಂದನ್ನು ಪಡೆಯಲು ಹದಿನಾರನ್ನು ತರಿಸಬೇಕು. ಈ ಹೊರೆ ಇಳಿಸುವ ಸಂಕೇತಗಳ ಸಂಶೋಧನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿಜಯ್ ಕುಮಾರ್ ಅವರ ಬಳಗಕ್ಕೆ ಜಗತ್ತಿನ ಮುಂಚೂಣಿಯಲ್ಲಿ ಸ್ಥಾನವಿದೆ. ಕೆ.ವಿ. ರಶ್ಮಿ ಮತ್ತು ನಿಹಾರ್ ಷಾ ಅವರೊಂದಿಗಿನ 2011ರ ಪ್ರಬಂಧ ಈ ಕ್ಷೇತ್ರದ ಮೈಲಿಗಲ್ಲು. 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ನೆಟ್‌ಆ್ಯಪ್ ತಜ್ಞರೊಂದಿಗೆ ವಿಜಯ್ ಕುಮಾರ್ ಅವರ ಬಳಗ ಮಂಡಿಸಿದ ಕ್ಲೇ ಸಂಕೇತದಲ್ಲಿ ಉಳಿದ 19 ತುಣುಕುಗಳೂ ತಮ್ಮ ಕಾಲು ಭಾಗವನ್ನಷ್ಟೇ ಕಳಿಸಿದರೆ ಸಾಕು: ಹದಿನಾರರ ಬದಲು 4.75. ಮುಕ್ತ ತಂತ್ರಾಂಶವಾದ ಸೆಫ್‌ನಲ್ಲಿ ಇದು ಸೇರ್ಪಡೆಯಾಗಿದೆ.

ಹಾಗಾದರೆ ಯಾವುದು?

ಆಪರೇಟಿಂಗ್ ಸಿಸ್ಟಂಗೆ ಎರಡು ಸಣ್ಣ ಎಸ್‌ಎಸ್‌ಡಿಗಳ ರೇಡ್ 1. ಸದಾ ಬರೆಯುತ್ತಿರುವ ಡೇಟಾಬೇಸ್‌ಗೆ ರೇಡ್ 10. ದೊಡ್ಡ ಹಾರ್ಡ್ ಡಿಸ್ಕ್‌ಗಳ ಕಡತ ಸಂಗ್ರಹಕ್ಕೆ ರೇಡ್ 6 ಅಥವಾ ಜೆಡ್‌ಎಫ್‌ಎಸ್‌ನ ಎರಡು ಪ್ಯಾರಿಟಿಯ ಜೋಡಣೆ. 20 ಟಿಬಿಯ ಎಂಟು ಡಿಸ್ಕ್‌ಗಳಲ್ಲಿ ರೇಡ್ 5 ಕೊಡುವುದು 140 ಟಿಬಿ, ರೇಡ್ 6 ಕೊಡುವುದು 120. ಆ 20 ಟಿಬಿ ಉಳಿಸಲು ಉಳಿದೆಲ್ಲವನ್ನೂ ಪಣಕ್ಕಿಡಬೇಡಿ. ಕೆಲವೇ ಎಸ್‌ಎಸ್‌ಡಿಗಳಿರುವಲ್ಲಿ ರೇಡ್ 5 ಒಪ್ಪಬಹುದು. ರೇಡ್ 0 ಅಳಿದರೂ ಚಿಂತೆಯಿಲ್ಲದ ತಾತ್ಕಾಲಿಕ ಕಡತಗಳಿಗೆ ಮಾತ್ರ. ಯಾವುದನ್ನೇ ಆರಿಸಿದರೂ ಒಂದು ಬದಲಿ ಡಿಸ್ಕ್ ಕೈಯಲ್ಲಿರಲಿ, ತಿಂಗಳಿಗೊಮ್ಮೆ ಎಲ್ಲ ಡಿಸ್ಕ್‌ಗಳನ್ನೂ ಪೂರ್ತಿ ಓದಿಸುವ ತಪಾಸಣೆ ನಡೆಯಲಿ, ಕೆಟ್ಟಾಗ ಎಚ್ಚರಿಸುವ ಮಿಂಚಂಚೆ ಯಾರಾದರೂ ಓದುವ ವಿಳಾಸಕ್ಕೇ ಹೋಗಲಿ.

ರೇಡ್ ಕಾಯುವುದು ಡಿಸ್ಕ್ ಕೆಡುವುದರಿಂದ ಮಾತ್ರ. ತಪ್ಪಿ ಅಳಿಸಿದ ಕಡತ, ರ‍್ಯಾನ್ಸಮ್‌ವೇರ್, ಬೆಂಕಿ, ಕಳ್ಳತನ ಇವುಗಳೆದುರು ಅದು ನಿಸ್ಸಹಾಯಕ. ಆದ್ದರಿಂದ ಸರ್ವರ್ ಖರೀದಿಯ ಹಣದಲ್ಲಿ ಬೇರೆ ಕಟ್ಟಡದಲ್ಲಿಡುವ ಬ್ಯಾಕಪ್‌ಗೆ ಮೊದಲು ಪಾಲು ತೆಗೆದಿಡಿ, ಅದರಿಂದ ಕಡತಗಳು ಮರಳಿ ಬರುತ್ತವೆಯೇ ಎಂದು ಪರೀಕ್ಷಿಸಿ. ರೇಡ್ ಹಂತದ ಚರ್ಚೆ ಅದಾದ ಮೇಲೆ ಶುರುವಾಗಲಿ.